ಹಿಮಸಾರಂಗದ ಮೇಲೆ ಸವಾರಿ ಮಾಡೋ ಜನ

ಹಿಮಸಾರಂಗಕ್ಕೆ ಜೀನು ಬಿಗಿದು ಸವಾರಿ ಮಾಡೋರನ್ನ ನೋಡಿದ್ದೀರಾ? ಮಂಗೋಲಿಯಾದ ಉತ್ತರ ತುದಿ, ರಷ್ಯಾ ಗಡಿಗೆ ಅಂಟಿಕೊಂಡಿರೋ ಹೊವ್ಸ್‌ಗೊಲ್ ಪ್ರಾಂತ್ಯದ ಬೆಟ್ಟಗಳಲ್ಲಿ ಇದ್ದಾರೆ. ಇವರು ದುಖಾ ಜನ. ಇರೋದು ಕೆಲವೇ ನೂರು ಮಂದಿ.

ಹೋಗೋದು ಹೇಗೆ? ರಾಜಧಾನಿ ಉಲಾನ್‌ಬಾತರ್‌ನಿಂದ ಮೊದಲು ಮೊರೊನ್ ಪಟ್ಟಣ. ಅಲ್ಲಿಂದ ತ್ಸಗಾನ್‌ನೂರ್ ಹಳ್ಳಿವರೆಗೆ ಜೀಪು, ಮಣ್ಣುದಾರಿ. ಆಮೇಲೆ ಜೌಗು, ಹೊಳೆ, ಕಾಡು. ಅಲ್ಲಿ ಕುದುರೆಯೇ ಗತಿ. ಗಡಿ ಪ್ರದೇಶವಾದ್ದರಿಂದ ಪರವಾನಗಿ ಮೊದಲೇ ಮಾಡಿಸಿಕೊಂಡಿರಬೇಕು.

ಇವರ ಮನೆ ‘ಉರ್ತ್ಸ್’. ಮರದ ಗಳುಗಳನ್ನ ತುದಿಯಲ್ಲಿ ಕೂಡಿಸಿ, ಮೇಲೆ ಬಟ್ಟೆ ಹೊದಿಸಿದ ಡೇರೆ. ವರ್ಷಕ್ಕೆ ಹಲವು ಸಲ ಬಿಡಾರ ಕೀಳ್ತಾರೆ. ಯಾಕೆ? ಹಿಮಸಾರಂಗದ ಮುಖ್ಯ ಮೇವು ಲೈಕೆನ್, ಅಂದ್ರೆ ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗದ್ದು. ಅದು ನಿಧಾನಕ್ಕೆ ಬೆಳೆಯುತ್ತೆ. ಒಂದೇ ಕಡೆ ಮೇಯಿಸಿದ್ರೆ ಮುಗಿದೇ ಹೋಗುತ್ತೆ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ ಕಾಟ ತಪ್ಪಿಸೋಕೆ ಇನ್ನೂ ಮೇಲಕ್ಕೆ ಹತ್ತಬೇಕು.

ಹಿಮಸಾರಂಗವನ್ನ ಮಾಂಸಕ್ಕಾಗಿ ಕಡಿಯೋದು ಅಪರೂಪ. ಹಾಲು ಚಹಾಗೆ, ಚೀಸ್‌ಗೆ. ಬೆನ್ನು ಸವಾರಿಗೆ, ಹೊರೆಗೆ. ಉದುರಿದ ಕೊಂಬು ಕೆತ್ತನೆಗೆ. 2011ರಲ್ಲಿ ಇಲ್ಲಿ ತೆಂಗಿಸ್-ಶಿಷ್‌ಗೆದ್ ರಾಷ್ಟ್ರೀಯ ಉದ್ಯಾನ ಆಯ್ತು. ಆಮೇಲೆ ಇವರ ಬೇಟೆಗೆ ಕಡಿವಾಣ ಬಿತ್ತು. ಹಾಗಾಗಿ ಪ್ರವಾಸಿಗರ ದುಡ್ಡು ಇವರಿಗೆ ಈಗ ಮುಖ್ಯ.

ಹೋಗೋದಾದ್ರೆ ದುಖಾ ಜನರನ್ನೇ ಮಾರ್ಗದರ್ಶಿಯಾಗಿ ಕರ್ಕೊಳ್ಳಿ, ಕೇಳದೆ ಫೋಟೋ ತೆಗೀಬೇಡಿ. ಕೆಳಗೆ ಹೊವ್ಸ್‌ಗೊಲ್ ಸರೋವರದ ಹತ್ತಿರ ಪ್ರವಾಸಿಗರಿಗಾಗಿ ತಂದು ನಿಲ್ಲಿಸಿದ ಹಿಮಸಾರಂಗದ ಜೊತೆ ಸೆಲ್ಫಿಗೆ ದುಡ್ಡು ಕೊಡಲೇಬೇಡಿ. ಆ ತಗ್ಗಿನ ಸೆಕೆ ಅವಕ್ಕೆ ಆಗಿಬರಲ್ಲ.