ಎರೆಯ ಸೀಮೆಯಲ್ಲಿ ವನವಿಹಾರ

ಬಿ.ಎ. ಮೊದಲನೆಯ ವರ್ಷದಲ್ಲಿ ‘ವನವಿಹಾರ’ ಎಂಬ ವಿಷಯದ ಮೇಲೆ ಒಂದು ಪ್ರಬಂಧ ಬರೆಯಲು ನಮಗೆ ಹೇಳಿದ್ದರು. ನಾನು ಜೋಗದ ಜಲಪಾತವನ್ನು ಕುರಿತು ನಾಲ್ಕು ಪುಟ ಬರೆದು ಹತ್ತಕ್ಕೆ ಏಳು ಅಂಕ ಪಡೆದೆ. ಜೋಗವನ್ನು ನಾನು ಅಂದು ಕಂಡಿರಲಿಲ್ಲ, ಇಂದಿಗೂ ಕಂಡಿಲ್ಲ. ವಿಹಾರವೆಂದರೆ ಬೆಟ್ಟವಿರಬೇಕು, ಝರಿಯಿರಬೇಕು, ಹಸುರು ಕಾಡಿರಬೇಕು ಎಂಬುದು ನನ್ನ ಭಾವನೆಯಾಗಿತ್ತು. ವಿಜಯಪುರ ಜಿಲ್ಲೆಯ ನಮ್ಮ ಊರಿನ ಸುತ್ತ ಇವೊಂದೂ ಇಲ್ಲ. ಕಣ್ಣು ಹಾಯುವವರೆಗೆ ಕಪ್ಪು ಎರೆಯ ಹೊಲ. ಅಲ್ಲೊಂದು ಜಾಲಿ, ಇಲ್ಲೊಂದು ಬನ್ನಿ, ಬದುವಿನ ಮೇಲೊಂದು ಬೇವು. ಆದರೂ ಮನೆಯವರೆಲ್ಲ ಕೂಡಿ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗುವ ದಿನಗಳು ವರ್ಷದಲ್ಲಿ ಹಲವಿದ್ದವು. ಅವಕ್ಕೂ ವಿಹಾರವೆಂಬ ಹೆಸರು ಸಲ್ಲುತ್ತದೆಂದು ನನಗೆ ಆಗ ಹೊಳೆದಿರಲಿಲ್ಲ. ಅವುಗಳ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಯಾವ ದಿನ ಹೊಲಕ್ಕೆ ಹೋಗಬೇಕೆಂಬುದನ್ನು ನಿರ್ಣಯಿಸುವವರು ಇಬ್ಬರು, ಸೂರ್ಯ ಮತ್ತು ಚಂದ್ರ. ಮಳೆಯ ಲೆಕ್ಕ ಸೂರ್ಯನದು. ಅವನು 27 ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ಸುತ್ತುವುದರಿಂದ ಒಂದೊಂದರ ಪಾಲಿಗೆ ಹದಿಮೂರು-ಹದಿನಾಲ್ಕು ದಿನಗಳು ಬರುತ್ತವೆ. ಆದುದರಿಂದಲೇ ಮೃಗಶಿರ ಮಳೆ ಪ್ರತಿ ವರ್ಷವೂ ಜೂನ್ 7-8ರ ಸುಮಾರಿಗೆ, ಉತ್ತರಿ ಮಳೆ ಸೆಪ್ಟೆಂಬರ್ 13ರ ಸುಮಾರಿಗೆ ಕೂಡುತ್ತದೆ. (ಇದೂ ಶಾಶ್ವತವಲ್ಲ. ಭೂಮಿಯ ಅಕ್ಷವು ಬಲು ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಈ ತೇದಿಗಳು ಮುಂದೆ ಸರಿಯುತ್ತವೆ. ನಮ್ಮ ತಂದೆಗೆ ಇದನ್ನು ಹೇಳಿದಾಗ, ಮಳೆ ಅದಕ್ಕಿಂತ ಹೆಚ್ಚು ಸರಿದಿದೆ ಎಂದರು.) ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕವಾದರೋ ಚಂದ್ರನದು, ಹಬ್ಬಗಳು ಅವನ ಅಧೀನ. ಅವನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಿರಿದು. ಅಧಿಕಮಾಸ ಬಂದು ಸರಿದೂಗಿಸುವವರೆಗೆ ಹಬ್ಬಗಳು ಹಿಂದೆ ಹಿಂದೆ ಬರುತ್ತವೆ. ಹೀಗಾಗಿ ಹೊಲದಲ್ಲಿ ಊಟಕ್ಕೆ ಕುಳಿತಾಗ ಪೈರು ಯಾವ ವರ್ಷ ಎಷ್ಟು ಬೆಳೆದಿರುತ್ತದೆಂದು ಹೇಳಲಾಗದು. 2023ರಲ್ಲಿ ಶ್ರಾವಣ ಅಧಿಕವಾದದ್ದರಿಂದ ಆ ಇಸವಿಯಲ್ಲಿ ಎಳ್ಳ ಅಮಾವಾಸ್ಯೆಯೇ ಬರಲಿಲ್ಲ. 2024ರಲ್ಲಿ ಎರಡು ಬಂದವು, ಜನವರಿ 11ಕ್ಕೊಂದು, ಡಿಸೆಂಬರ್ 30ಕ್ಕೊಂದು.

ಬೇಸಿಗೆಯಲ್ಲಿ ನಾವು ಹೊಲಕ್ಕೆ ಹೋಗುತ್ತಿದ್ದುದು ನಸುಕಿನಲ್ಲಿ ಮಾತ್ರ. ಆ ಕಾಲಕ್ಕೆ ನೋಡತಕ್ಕದ್ದು ಮೇಲೆ ಬೇವಿನ ಹೂ, ಕೆಳಗೆ ನೆಲ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೊಲವೆಲ್ಲ ಬಿರುಕು ಬಿಟ್ಟು, ಕೈ ಇಳಿಸಿದರೆ ಮೊಳಕೈವರೆಗೂ ಹೋದೀತು. ನನ್ನದೊಂದು ಬುಗರಿ ಅಂಥ ಬಿರುಕಿನಲ್ಲಿ ಬಿದ್ದು ಹೋಯಿತು. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಂದು ಮಣ್ಣು ಉಬ್ಬಿದಾಗ ಒಳಗಿನದು ಮೇಲಕ್ಕೆ ಒತ್ತರಿಸಿಕೊಂಡು ಬರುತ್ತದೆ. ಎರೆಯ ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆಂದು ಹೇಳುವುದು ಇದಕ್ಕಾಗಿಯೇ. ಎಂದಾದರೊಂದು ದಿನ ನನ್ನ ಬುಗರಿ ಮೇಲೆ ಬಂದೀತೆಂದು ನಾನು ಬಹುಕಾಲ ನಂಬಿದ್ದೆ.

ಕಾರ ಹುಣ್ಣಿಮೆಗೆ ಎತ್ತುಗಳ ಸಂಭ್ರಮ, ನಾಗರ ಪಂಚಮಿಗೆ ಹೆಣ್ಣುಮಕ್ಕಳ ಜೋಕಾಲಿ. ಇವು ಊರೊಳಗಿನ ಹಬ್ಬಗಳು. ಮುಂಗಾರಿನಲ್ಲಿ ನಮ್ಮ ಹೊಲ ಬರಿದಾಗಿಯೇ ಇರುತ್ತಿತ್ತು. ಹೊರಗಿನವರು ಅದನ್ನು ಬೀಳು ನೆಲವೆಂದು ತಿಳಿಯುವುದುಂಟು. ವಾಸ್ತವವಾಗಿ ಆಗ ನೆಲ ನೀರು ಕುಡಿದು ಕೂಡಿಡುತ್ತಿರುತ್ತದೆ. ವರ್ಷಕ್ಕೆ 600 ಮಿಲಿಮೀಟರೂ ತುಂಬದ ಮಳೆಯ ಸೀಮೆ ನಮ್ಮದು. ಉತ್ತರಿ, ಹಸ್ತಿ ಮಳೆಗಳಲ್ಲಿ ಬಿತ್ತಿದ ಹಿಂಗಾರಿ ಜೋಳ ಮುಂದೆ ಒಂದು ಹನಿ ಬೀಳದಿದ್ದರೂ ಆ ಕೂಡಿಟ್ಟ ನೀರನ್ನೇ ಉಂಡು ಮಾಘದವರೆಗೆ ಬದುಕುತ್ತದೆ. ಬಿತ್ತುವ ಮುನ್ನ ತಂದೆ ನಮ್ಮನ್ನು ಕರೆದುಕೊಂಡು ಹೋಗಿ, ಒಂದು ಗೇಣು ಅಗೆದು, ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡುತ್ತಿದ್ದರು. ಉಂಡೆ ನಿಂತರೆ “ಹಸಿ ಐತಿ” ಎನ್ನುವರು; ಉದುರಿದರೆ ಏನೂ ಅನ್ನದೆ ಮನೆಯ ಕಡೆ ತಿರುಗುವರು.

ಆಶ್ವೀಜದ ಸೀಗಿ ಹುಣ್ಣಿಮೆಗೆ ಪೈರು ಮೊಣಕಾಲೆತ್ತರವೂ ಇರುವುದಿಲ್ಲ. ಅಂದು ಭೂಮಿತಾಯಿಗೆ ಬಸುರಿಯ ಬಯಕೆ ಸಲ್ಲಿಸುವುದು ವಾಡಿಕೆ. ಮಲೆನಾಡಿನಲ್ಲಿ ಇದೇ ದಿನವನ್ನು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಆದರೆ ನಮ್ಮ ಕಡೆ ನಿಜವಾದ ವಿಹಾರವೆಂದರೆ ಎಳ್ಳ ಅಮಾವಾಸ್ಯೆ. ಹಿಂದಿನ ರಾತ್ರಿಯೆಲ್ಲ ಒಲೆ ಆರುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಕಾಳುಪಲ್ಲೆ ಇವನ್ನೆಲ್ಲ ಬುಟ್ಟಿಗಳಲ್ಲಿ ತುಂಬಿ, ಬಂಡಿ ಕಟ್ಟಿ, ಮುದುಕರು ಮಕ್ಕಳೆನ್ನದೆ ಎಲ್ಲರೂ ಹೊಲಕ್ಕೆ ಹೋಗುವರು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವರು. ಅನಂತರ ಒಬ್ಬರು ಅಡಿಗೆಯ ತುತ್ತುಗಳನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆದರೆ ಹಿಂದಿನವರು ನೀರು ಚಿಮುಕಿಸುತ್ತ ಬರುವರು. ಇದೇ ಚರಗ. ಊಟ ಅದಾದ ಮೇಲೆಯೇ. ಅಮಾವಾಸ್ಯೆ ತಡವಾಗಿ ಬಂದ ವರ್ಷ ಕಾಳು ಹಾಲುಗಟ್ಟಿ ಬಲಿಯತೊಡಗಿರುತ್ತದೆ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ತಿಕ್ಕಿ, ಬೆಲ್ಲದೊಡನೆ ಸೀತನಿ ತಿನ್ನಬಹುದು.

2024ರ ಜನವರಿ 11 ಅಂಥ ತಡವಾದ ಅಮಾವಾಸ್ಯೆ. ಸೀತನಿ ಇರಬೇಕಾಗಿತ್ತು. ಆದರೆ ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ನಮ್ಮ ಜೋಳ ಮೊಣಕಾಲಿನ ಮೇಲೆ ಏಳಲಿಲ್ಲ. ಬೇಸಿಗೆಯಲ್ಲಿ ಬಾಯಿಬಿಡಬೇಕಾದ ನೆಲ ಪೈರಿನ ನಡುವೆ ಆಗಲೇ ಬಾಯಿಬಿಟ್ಟಿತ್ತು. ಈ ಸಲ ಹೋಗುವುದೇ ಬೇಡವೆಂದು ನಾನು ಹೇಳಿದೆ. ತಾಯಿ ಕೇಳಲಿಲ್ಲ. ಸಾಲ ತಂದ ಹಿಟ್ಟಿನಿಂದ ಮಾಡಿದ ಕಡುಬುಗಳನ್ನು ತಂದೆ ಮುರಿದು ಚೆಲ್ಲುತ್ತ ಹೋದರು. ಅರ್ಧಕ್ಕರ್ಧ ಬಿರುಕುಗಳಲ್ಲಿಯೇ ಬಿದ್ದವು. ತಾಯಿ ಹಿಂದೆ ನಿಂತು ಒಂದೊಂದು ಬಿರುಕಿಗೂ ಅಷ್ಟಷ್ಟು ನೀರು ಹಾಕಿದಳು. ಆ ದಿನ ನಾವು ಮಾತಾಡಿದ್ದು ಕಡಿಮೆ, ಆದರೆ ಸಂಜೆಯವರೆಗೆ ಬನ್ನಿಯ ನೆರಳಿನಲ್ಲಿಯೇ ಇದ್ದೆವು.

ಅದೇ ವರ್ಷದ ಡಿಸೆಂಬರ್ 30ಕ್ಕೆ ತೆನೆ ಹಾಲಿನಿಂದ ತುಂಬಿತ್ತು. ಆ ಹೊಲದಲ್ಲಿ ನಾವು ಬೆಳೆದ ಕೊನೆಯ ಜೋಳ ಅದು. ಹೊಲ ನಮ್ಮದಲ್ಲ, ಪಾಲಿಗೆ ಮಾಡುತ್ತಿದ್ದೆವು. ಆಲಮಟ್ಟಿಯ ನೀರನ್ನು ಮೇಲಕ್ಕೆತ್ತಿ ಹರಿಸುವ ಕಾಲುವೆ ಆ ಕಡೆಗೂ ಬಂದು, ಹೊಲದವರು ತಾವೇ ಕಬ್ಬು ಹಚ್ಚಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ನೀರಿಗಾಗಿ ಬಾಯಿಬಿಟ್ಟ ಸೀಮೆಗೆ ನೀರು ಬಂದಾಗ ಬೇಡವೆನ್ನುವುದು ಹೇಗೆ?

2025ರ ಡಿಸೆಂಬರ್ 19ರಂದು ಮತ್ತೆ ಎಳ್ಳ ಅಮಾವಾಸ್ಯೆ. ಎತ್ತುಗಳನ್ನು ಮಾರಿಯಾಗಿತ್ತು. ಎಲ್ಲಿಗೆ ಹೋಗುವುದೆಂದು ನಾಲ್ಕು ದಿನ ಮನೆಯಲ್ಲಿ ಚರ್ಚೆಯಾಯಿತು. ಕೊನೆಗೆ ತಂದೆ ಹೊಲದವರನ್ನು ಕೇಳಿಕೊಂಡು ಬಂದರು; ಅವರು ಸಂತೋಷದಿಂದಲೇ ಒಪ್ಪಿದರು. ಬುಟ್ಟಿ ಹೊತ್ತು ನಡೆದೇ ಹೋದೆವು. ಬನ್ನಿಗಿಡ ಇನ್ನೂ ಇತ್ತು. ಕಬ್ಬು ಆಳೆತ್ತರ ಬೆಳೆದು ಒಳಗೆ ಹೆಜ್ಜೆಯಿಡಲು ದಾರಿಯಿರಲಿಲ್ಲವಾದ್ದರಿಂದ ತಂದೆ ಬದುವಿನ ಮೇಲೆಯೇ ಸುತ್ತುತ್ತ ಚರಗ ಚೆಲ್ಲಿದರು. ಬಿರುಕೊಂದೂ ಕಾಣಲಿಲ್ಲ. ಊಟವಾದ ಮೇಲೆ ಅವರು ಕಬ್ಬಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿದರು. ಅದು ಗಟ್ಟಿಯಾಗಿ ನಿಂತಿತು. “ಹಸಿ ಚಲೋ ಐತಿ” ಎಂದು ಅದನ್ನು ಮೆಲ್ಲಗೆ ಮತ್ತೆ ಅಲ್ಲಿಯೇ ಇಟ್ಟರು.