54 ಚಿಪ್‌ಗಳ ನೆನಪು

ಎಣಿಸಿ ನೋಡಿ: ಸಾಲಿಗೆ ಒಂಬತ್ತು, ಅಂಥ ಆರು ಸಾಲು. ಐವತ್ನಾಲ್ಕು ಕರಿ ಚಿಪ್‌ಗಳು! ಒಂದೊಂದಕ್ಕೂ ಹದಿನಾರು ಕಾಲು. ಮೊಳದುದ್ದಕ್ಕಿಂತ ಕಡಿಮೆ ಇರುವ ಈ ಹಸಿರು ಬೋರ್ಡಿನ ಒಟ್ಟು ಮೆಮೊರಿ ಎಷ್ಟು ಗೊತ್ತೇ? 384 ಕೆಬಿ. ಫೋನಿಗೆ ಬೆಳಗಾಗೆದ್ದು ಬಂದು ಬೀಳುವ ಶುಭೋದಯದ ಫೋಟೊಗಳಲ್ಲಿ ಎಷ್ಟೋ ಇದರಲ್ಲಿ ಹಿಡಿಸುವುದೇ ಇಲ್ಲ!

ಇದು ಸಿಕ್ಕಿದ್ದು ಬೇಲೂರಿನಲ್ಲಿ. ಚೆನ್ನಕೇಶವನ ಬೇಲೂರಲ್ಲ, ಧಾರವಾಡ ದಾಟಿ ಬೆಳಗಾವಿ ಕಡೆ ಹೊರಟರೆ ಹೆದ್ದಾರಿ ಮಗ್ಗುಲಿಗೇ ಸಿಗುವ ಬೇಲೂರು ಕೈಗಾರಿಕಾ ಪ್ರದೇಶ. ಟಾಟಾ ಬಸ್ಸು, ಟಾಟಾ ಹಿಟಾಚಿ ಅಗೆಯುವ ಯಂತ್ರ ತಯಾರಾಗುವ ಜಾಗ. ಅಲ್ಲೊಂದು ಸಣ್ಣ ಶೆಡ್ಡಿನಲ್ಲಿ, ಉಕ್ಕಿನ ತುಂಡನ್ನು ಹರಿಯುವ ತನಕ ಎಳೆದು ಅದರ ಗಟ್ಟಿತನ ಅಳೆಯುವ ಯಂತ್ರವಿದೆ. ಅದರ ಲೆಕ್ಕ ಇಡುವುದು ಐಬಿಎಂ ಎಕ್ಸ್‌ಟಿ ಜಾತಿಯ ಹಳೇ ಪಿಸಿ. ಮುಚ್ಚಳ ತೆಗೆಯುತ್ತೇನೆಂದರೆ ಆಪರೇಟರ್ ಅಣ್ಣನ ಮುಖ ಸಣ್ಣಗಾಯಿತು. ‘ನಡದೈತ್ರಿ ಸರ, ನಡೀಲಿ ಬಿಡ್ರಿ. ಯಾಕ ಕೆದಕ್ತೀರಿ?’

ಕೆದಕದೆ ಇರುವುದು ಹೇಗೆ! ಮದರ್‌ಬೋರ್ಡಿನ ಮೇಲೆ ಇದ್ದದ್ದು 256 ಕೆಬಿ. ಸ್ಲಾಟಿನಲ್ಲಿ ಕೂತ ಈ ಬೋರ್ಡಿನದು 384. ಕೂಡಿಸಿ: 640! ಇದು ಆಕಸ್ಮಿಕವಲ್ಲ. 1981ರ ಐಬಿಎಂ ಪಿಸಿಗೆ ಹಾಕಿದ 8088 ಪ್ರೊಸೆಸರಿಗೆ ವಿಳಾಸದ ತಂತಿಗಳು ಇಪ್ಪತ್ತೇ. ಅದರ ಕಣ್ಣಿಗೆ ಬೀಳುವುದು 1,024 ಕೆಬಿ ಮಾತ್ರ. ಮೇಲಿನ 384ನ್ನು ಪರದೆಗೆ, ಬರೀ ಓದಲು ಬರುವ ರೋಮ್ ಮೆಮೊರಿಗೆ ಅಂತ ಐಬಿಎಂ ಎತ್ತಿಟ್ಟುಕೊಂಡಿತು. ಪ್ರೋಗ್ರಾಮುಗಳಿಗೆ ಉಳಿದದ್ದು 640. ಆ ಗಡಿಯನ್ನು ಚಾಚೂ ತಪ್ಪದೆ ಮುಟ್ಟಲೆಂದೇ ಎಎಸ್‌ಟಿ ಎಂಬ ಅಮೆರಿಕದ ಕಂಪನಿ ‘ಸಿಕ್ಸ್‌ಪ್ಯಾಕ್ ಪ್ಲಸ್’ ಅನ್ನುವ ಬೋರ್ಡು ತಂದಿತು. ಕಂಪನಿ ಕಟ್ಟಿದ ಆಲ್ಬರ್ಟ್, ಸಫಿ, ಥಾಮಸ್ ಎಂಬ ಮೂವರ ಮೊದಲಕ್ಷರವೇ ಎಎಸ್‌ಟಿ. ಆ ಸಫಿ ಕುರೇಶಿ ಹುಟ್ಟಿದ್ದು ನಮ್ಮ ನೆರೆಯ ಕರಾಚಿಯಲ್ಲಿ. ಬೇಲೂರಿನ ಬೋರ್ಡು ಅದೇ ಅಚ್ಚಿನ ಹೆಸರಿಲ್ಲದ ನಕಲು. ಮೆಮೊರಿ ಜೊತೆಗೆ ಪ್ರಿಂಟರಿನ ಪೋರ್ಟು, ಸೀರಿಯಲ್ ಪೋರ್ಟು, ಮೇಲೊಂದು ಗಡಿಯಾರ, ಅದಕ್ಕೊಂದು ಸೆಲ್ಲು.

ಸಾಲಿಗೆ ಒಂಬತ್ತೇ ಏಕೆ? ಬೈಟಿಗೆ ಬಿಟ್ ಎಂಟು. ಎಂಟು ಚಿಪ್ ತಲಾ ಒಂದು ಬಿಟ್ ಹೊರುತ್ತವೆ. ಒಂಬತ್ತನೆಯದು ಕಾವಲುಗಾರ! ಎಂಟರಲ್ಲಿ ಒಂದು ಬಿಟ್ ಆಚೀಚೆಯಾದರೂ ಅದಕ್ಕೆ ತಿಳಿಯುತ್ತದೆ, ಕೂಡಲೇ ಇಡೀ ಯಂತ್ರ ನಿಲ್ಲುತ್ತದೆ. ಐಬಿಎಂ ಪಿಸಿಯ ಪರದೆ ಮೇಲೆ ‘ಪ್ಯಾರಿಟಿ ಚೆಕ್ 1’ ಬಂದರೆ ತಪ್ಪು ಮದರ್‌ಬೋರ್ಡಿನದು, ‘2’ ಬಂದರೆ ಹೊರಗಿನಿಂದ ಸೇರಿಸಿದ ಬೋರ್ಡಿನದು. ತಪ್ಪು ಲೆಕ್ಕ ಕೊಡುವುದಕ್ಕಿಂತ ಸುಮ್ಮನೆ ನಿಂತುಬಿಡುವ ಈ ಹಟ ನನಗೆ ಬಹಳ ಹಿಡಿಸಿತು.

ಇನ್ನೂ ಬೆರಗು ಬೇರೆ ಇದೆ. ಈ ಚಿಪ್‌ಗಳಲ್ಲಿ ಪ್ರತಿ ಬಿಟ್ಟೂ ಒಂದು ಚಿಟಿಕೆ ವಿದ್ಯುತ್ತು, ಅದೂ ತೂತು ಕೊಡದ ನೀರಿನಂತೆ ಸೋರುತ್ತಲೇ ಇರುತ್ತದೆ. ಹಾಗಾಗಿ ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ಪಿಸಿ ಕೈಲಿರುವ ಕೆಲಸ ಬಿಟ್ಟು ಒಂದೊಂದೇ ಸಾಲನ್ನು ಓದಿ ಮತ್ತೆ ತುಂಬುತ್ತದೆ. ಉಕ್ಕು ಎಳೆಯುವಾಗಲೂ, ಆಪರೇಟರ್ ಚಾ ಕುಡಿಯಲು ಹೋದಾಗಲೂ, ಸೆಕೆಂಡಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಸಲ! ಹೀಗೆ ಎಷ್ಟು ದಶಕ!

ಬೋರ್ಡು ಕೂರಿಸುವ ಕೆಲಸವೂ ಕೈಯದೇ. ಸಣ್ಣ ಬಿಳಿ ಸ್ವಿಚ್ಚುಗಳ ಸಾಲೊಂದಿದೆ. ಪೆನ್ನಿನ ತುದಿಯಿಂದ ಒತ್ತಿ ‘ನಿನ್ನ ಪಾಳಿ 256ರ ನಂತರ’ ಅಂತ ಬೋರ್ಡಿಗೆ ತಿಳಿಸಬೇಕು. ತಪ್ಪಿದರೆ ಒಂದೇ ವಿಳಾಸಕ್ಕೆ ಎರಡು ಕಡೆಯಿಂದ ಉತ್ತರ ಬಂದು ಎಲ್ಲ ಕೆಡುತ್ತದೆ.

640ರ ಗೋಡೆಯನ್ನೂ ಜನ ಬಿಡಲಿಲ್ಲ. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸೇರಿ ಒಂದು ಉಪಾಯ ಹೂಡಿದವು: ಗೋಡೆಯಾಚೆ 64 ಕೆಬಿಯ ಒಂದು ಕಿಂಡಿ, ಅದರ ಹಿಂದೆ ಬೋರ್ಡಿನ ಮೆಮೊರಿಯನ್ನು 16 ಕೆಬಿ ತುಂಡುಗಳಾಗಿ ಬದಲಿಸುತ್ತ ಹೋಗುವುದು. ಪ್ರೊಸೆಸರಿಗೆ ಕಾಣುವುದು ಕಿಂಡಿಯಷ್ಟೇ, ಸಿಗುವುದು 8 ಎಂಬಿ ತನಕ!

ಹಳೇ ಪಿಸಿಗಳ ಹುಚ್ಚು ಹಿಡಿದವರು ಇವತ್ತಿಗೂ ಅದೇ 62 ಸಂಪರ್ಕಗಳ ಸ್ಲಾಟಿಗೆ ಹೊಸ ಬೋರ್ಡು ಮಾಡುತ್ತಾರೆ. ಐವತ್ನಾಲ್ಕು ಚಿಪ್ಪಿನ ಕೆಲಸಕ್ಕೆ ಈಗ 512 ಕೆಬಿಯ ಒಂದೇ ಸ್ಟ್ಯಾಟಿಕ್ ರ‍್ಯಾಮ್ ಚಿಪ್ ಸಾಕು. ಸೋರುವ ತಾಪತ್ರಯವೂ ಇಲ್ಲ. ಇದನ್ನು ಉತ್ಸಾಹದಿಂದ ಹೇಳಿದೆ. ಅಣ್ಣ ಪೂರ್ತಿ ಕೇಳಿಸಿಕೊಂಡ.

‘ಅದನ್ನ ಹಾಕಿದ್ರ ದಿನಾ ಮುಂಜಾನೆ ತಾರೀಖ್ ಹೊಡಿಯೂದು ತಪ್ಪತೈತೇನ್ರಿ? ಚಾಲೂ ಮಾಡಿದ ಕೂಡ್ಲೆ 1980 ತೋರಸ್ತೈತಿ.’

ತಪ್ಪುವುದಿಲ್ಲ, ಗಡಿಯಾರ ಇರುವುದು ಈ ಹಳೇ ಬೋರ್ಡಿನಲ್ಲೇ, ಸೆಲ್ಲು ಸತ್ತಿದೆ ಅಷ್ಟೇ ಅಂದೆ. ‘ಮತ್ತ ಅದನ್ನ ಮೊದಲ ಹೇಳಬಾರದೇನ್ರಿ’ ಅನ್ನುತ್ತ ಅವನು ಸೆಲ್ಲಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡ.