ತೊಗರಿಯ ಗರಿಪತಂಗ

ಡೋಣಿ ನದಿಯ ಎಡಬಲಕ್ಕೆ ಹಬ್ಬಿರುವ ಎರೆಹೊಲಗಳಲ್ಲಿ ದೀಪಾವಳಿಯ ಹೊತ್ತಿಗೆ ತೊಗರಿ ಹಳದಿ ಹೂವು ಹೊದ್ದು ನಿಲ್ಲುತ್ತದೆ. ಅಲ್ಲಿಂದ ರಾಶಿಯವರೆಗೆ ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ರೈತರ ಕಣ್ಣೆಲ್ಲ ಕಾಯಿಯ ಮೇಲೆ. ಕಾಯಿಯಲ್ಲಿ ತೂತು ಕಂಡರೆ ‘ಕೀಡಿ ಬಿತ್ತು’ ಎಂದು ಪಂಪು ಹೆಗಲಿಗೇರಿಸುವುದು ವಾಡಿಕೆ. ಆದರೆ ಯಾವ ಕೀಡಿ? ಈ ಪ್ರಶ್ನೆ ಕೇಳುವವರು ಕಡಿಮೆ.

ತೊಗರಿ ಕಾಯಿಗೆ ಮುಖ್ಯವಾಗಿ ಮೂವರು ಶತ್ರುಗಳು. ಎಲ್ಲರಿಗೂ ಗೊತ್ತಿರುವುದು ಹೆಲಿಕೋವರ್ಪಾ ಎಂಬ ಕಾಯಿಕೊರಕ. ಎರಡನೆಯದು ಕಾಯಿನೊಣ. ಮೂರನೆಯದೇ ಸದ್ದಿಲ್ಲದೆ ಕೆಲಸ ಮಾಡುವ ಗರಿಪತಂಗ. ಇಂಗ್ಲಿಷಿನಲ್ಲಿ ಇದು ಪ್ಲೂಮ್ ಮಾತ್. ವಿಜ್ಞಾನಿಗಳು ಇಟ್ಟ ಹೆಸರು ಎಕ್ಸೆಲಾಸ್ಟಿಸ್ ಅಟೊಮೋಸಾ. 1885ರಲ್ಲಿ ಇದನ್ನು ಮೊದಲು ವರ್ಣಿಸಿದವರು ಇಂಗ್ಲೆಂಡಿನ ಲಾರ್ಡ್ ವಾಲ್ಸಿಂಗ್‌ಹ್ಯಾಮ್.

ಐದು ಬೆರಳಿನ ರೆಕ್ಕೆ

ಸಂಜೆ ದೀಪದ ಬಳಿ ಗೋಡೆಗೆ ಅಂಟಿಕೊಂಡ ಒಣ ಹುಲ್ಲುಕಡ್ಡಿಯಂತೆ ಕಾಣುವ ಪುಟ್ಟ ಪತಂಗವನ್ನು ಓದುಗರು ನೋಡಿರಬಹುದು. ನೀಳ ಮೈ, ಉದ್ದನೆಯ ಕಾಲು, ಎರಡೂ ಬದಿಗೆ ನೇರವಾಗಿ ಚಾಚಿದ ಕಿರಿದಾದ ರೆಕ್ಕೆ. ರೆಕ್ಕೆಗಳ ತುದಿಯಿಂದ ತುದಿಗೆ ಅಳೆದರೆ ತೊಗರಿಯ ಗರಿಪತಂಗ ಎರಡು ಸೆಂಟಿಮೀಟರ್ ಮೀರುವುದಿಲ್ಲ. ಕುಳಿತಾಗ ಹಿಂದಿನ ರೆಕ್ಕೆ ಮುಂದಿನದರ ಅಡಿಯಲ್ಲಿ ಮಡಚಿ ಅಡಗಿರುತ್ತದೆ. ಹಾರಲು ಬಿಚ್ಚಿದಾಗ ಗುಟ್ಟು ರಟ್ಟಾಗುತ್ತದೆ: ಮುಂದಿನ ರೆಕ್ಕೆ ಎರಡು ಸೀಳು, ಹಿಂದಿನದು ಮೂರು ಸೀಳು. ಪ್ರತಿ ಸೀಳಿನ ಅಂಚಿಗೂ ಹಕ್ಕಿಯ ಗರಿಯಂತೆ ನವಿರಾದ ಕೂದಲಿನ ಸಾಲು. ಈ ಕೂದಲುಗಳೇ ಸೀಳುಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತವೆ.

ಒಂದು ಬದಿಯ ಐದು ಸೀಳುಗಳನ್ನು ಕಂಡೇ ಲಿನೇಯಸ್ 1758ರಲ್ಲಿ ಯುರೋಪಿನ ಬಿಳಿ ಗರಿಪತಂಗಕ್ಕೆ ‘ಪೆಂಟಾಡ್ಯಾಕ್ಟೈಲಾ’, ಅಂದರೆ ಐದು ಬೆರಳಿನದು ಎಂದು ಹೆಸರಿಟ್ಟ. ಇವುಗಳ ಕುಟುಂಬ ಟೆರೊಫೋರಿಡೇ. ಗ್ರೀಕ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ‘ಗರಿ ಹೊತ್ತದ್ದು’ ಎಂದರ್ಥ. ಇದರಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ವಿಚಿತ್ರವೆಂದರೆ ಎಲ್ಲದರ ರೆಕ್ಕೆಯೂ ಸೀಳಿಲ್ಲ. ಅಗ್ಡಿಸ್ಟಿನೇ ಮತ್ತು ಓಕಿರೋಟಿಸಿನೇ ಉಪಕುಟುಂಬಗಳಲ್ಲಿ ರೆಕ್ಕೆ ಇಡಿಯಾಗಿದೆ. ಡ್ಯೂಟೆರೊಕೋಪಿನೇ ಉಪಕುಟುಂಬದ ರೆಕ್ಕೆ ಸೀಳಿದ್ದು. ಅದರ ಮರಿಗಳಿಗೆ ದ್ರಾಕ್ಷಿ ಕುಟುಂಬದ ಬಳ್ಳಿಗಳು ಪ್ರಿಯ. ಉಳಿದ ಬಹುಪಾಲು ಪ್ರಭೇದಗಳು ಸೇರಿರುವ ದೊಡ್ಡ ಬಳಗವೇ ಟೆರೊಫೋರಿನೇ. ನಮ್ಮ ತೊಗರಿಯ ಪತಂಗ ಇದರ ಸದಸ್ಯ. ಅವರೆಯ ಹೂ, ಕಾಯಿ ತಿನ್ನುವ ಸ್ಫೆನಾರ್ಕಿಸ್ ಕೂಡ ಇದೇ ಬಳಗದ್ದು.

ಈ ಬಳಗದಲ್ಲಿ ಎಲ್ಲವೂ ಕೆಡುಕಿನವಲ್ಲ. ಲಂಟಾನ ಕಳೆಯ ಹೂಗೊಂಚಲನ್ನು ತಿನ್ನುವ ಒಂದು ಗರಿಪತಂಗವನ್ನು 1902ರಲ್ಲಿ ಮೆಕ್ಸಿಕೋದಿಂದ ಹವಾಯಿ ದ್ವೀಪಗಳಿಗೆ ಕಳೆ ಹತೋಟಿಗೆಂದೇ ಒಯ್ಯಲಾಯಿತು. ಇನ್ನೊಂದು ಗುಂಪಿನ ಮರಿಗಳು ಕೀಟಗಳನ್ನು ಅಂಟಿನಲ್ಲಿ ಹಿಡಿದು ಜೀರ್ಣಿಸಿಕೊಳ್ಳುವ ಡ್ರೊಸೆರಾ ಗಿಡವನ್ನೇ ಮೇಯುತ್ತವೆ!

ಹೊರಗೆ ಮೈ, ಒಳಗೆ ಬಾಯಿ

ತೊಗರಿಯ ಮೊಗ್ಗು ಮತ್ತು ಎಳೆಕಾಯಿಗಳ ಮೇಲೆ ಹೆಣ್ಣು ಪತಂಗ ಒಂದೊಂದಾಗಿ ತತ್ತಿ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿ ಮೊದಲು ಕಾಯಿಯ ಸಿಪ್ಪೆ ಕೆರೆಯುತ್ತದೆ. ಬಳಿಕ ಸಣ್ಣ ತೂತು ಕೊರೆದು ಎಳೆಕಾಳು ತಿನ್ನುತ್ತದೆ. ಹಸಿರು-ಕಂದು ಬಣ್ಣದ ಈ ಕೀಡಿಯ ಮೈತುಂಬ ಗಿಡ್ಡ ಕೂದಲು, ಮುಳ್ಳು. ಪೂರ್ತಿ ಬೆಳೆದರೂ ಉದ್ದ ಒಂದೂಕಾಲು ಸೆಂಟಿಮೀಟರಿನ ಆಸುಪಾಸು. ಅದು ಎಂದೂ ಪೂರ್ತಿಯಾಗಿ ಕಾಯಿಯೊಳಗೆ ಸೇರುವುದಿಲ್ಲ. ಕೋಶವೂ ಕಾಯಿಯ ಮೇಲೆಯೇ. ಕೋಶದ ಮೈಮೇಲೂ ಕೂದಲಿರುವುದರಿಂದ ಕೀಡಿಯೇ ಮಲಗಿದೆ ಎಂಬ ಭ್ರಮೆ ಹುಟ್ಟುತ್ತದೆ.

ಹೆಲಿಕೋವರ್ಪಾ ಕೀಡಿ ಇದರ ಮೂರು ಪಟ್ಟು ಉದ್ದ. ಅದರ ತೂತು ದೊಡ್ಡದು, ದುಂಡಗಿನದು. ಕಾಯಿನೊಣದ ಮರಿ ಒಳಗೇ ಬೆಳೆಯುವುದರಿಂದ ಹೊರಗೆ ಬಹುಕಾಲ ಗುರುತೇ ಸಿಗದು.

ಈ ವ್ಯತ್ಯಾಸಗಳಿಂದ ರೈತನಿಗೇನು ಲಾಭ? ಲಾಭ ನೇರವಾಗಿ ಕಿಸೆಗೇ ಸಂಬಂಧಿಸಿದ್ದು. ಹೊಲದಲ್ಲಿ ನೆಡುವ ಹೆಲಿಕೋವರ್ಪಾ ಮೋಹಕ ಬಲೆಗೆ ಆ ಜಾತಿಯ ಗಂಡು ಪತಂಗ ಮಾತ್ರ ಬೀಳುತ್ತದೆ. ಬಲೆ ಖಾಲಿ ಇದೆಯೆಂದು ನೆಮ್ಮದಿಯಿಂದಿದ್ದರೆ ಗರಿಪತಂಗ ತನ್ನ ಕೆಲಸ ಮುಗಿಸಿರುತ್ತದೆ. ಕಾಯಿಕೊರಕಕ್ಕೆ ರೋಗ ತರುವ ಎನ್.ಪಿ.ವಿ. ನಂಜಾಣು ದ್ರಾವಣವನ್ನು ಗರಿಪತಂಗದ ಮೇಲೆ ಸಿಂಪಡಿಸಿದರೆ ದುಡ್ಡು ಮಣ್ಣುಪಾಲು, ಏಕೆಂದರೆ ಆ ನಂಜಾಣು ಬೇರೆ ಕುಟುಂಬದ ಈ ಕೀಟಕ್ಕೆ ತಗಲುವುದಿಲ್ಲ. ಹಾಗೆಂದು ಕಂಡಕಂಡ ವಿಷ ಹೊಡೆದರೆ ಗರಿಪತಂಗದ ಕೀಡಿಯೊಳಗೆ ಬೆಳೆದು ಅದನ್ನು ಕೊಲ್ಲುವ ಅಪಾಂಟಿಲಿಸ್ ಎಂಬ ಪುಟ್ಟ ಕಣಜಗಳೂ, ತೊಗರಿ ಹೂವಿಗೆ ಬರುವ ಜೇನ್ನೊಣಗಳೂ ಸಾಯುತ್ತವೆ.

ಆದ್ದರಿಂದ ಹೂ ಬಿಡುವ ಕಾಲಕ್ಕೆ ವಾರಕ್ಕೊಮ್ಮೆ ಹೊಲದ ಐದಾರು ಕಡೆ ನಿಂತು ಮೊಗ್ಗು, ಕಾಯಿಗಳನ್ನು ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಕೀಡಿ ಇನ್ನೂ ಸಣ್ಣದಿರುವಾಗ ಶೇ. 5ರ ಬೇವಿನ ಬೀಜದ ಕಷಾಯ ಸಾಕಾಗಬಹುದು. ಸಂಶಯ ಬಂದರೆ ಕಾಯಿಸಮೇತ ಕೀಡಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೋ, ವಿಜಯಪುರದ ಕೃಷಿ ಮಹಾವಿದ್ಯಾಲಯಕ್ಕೋ ಒಯ್ದು ತೋರಿಸಬಹುದು. ಕುಟುಂಬ, ಉಪಕುಟುಂಬ ಎಂಬ ವಿಂಗಡಣೆ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಪಟ್ಟಿಯೆಂದು ವಿದ್ಯಾರ್ಥಿಗಳು ಬೇಸರಪಡುವುದುಂಟು. ತೊಗರಿಯ ಹೊಲದಲ್ಲಿ ಅದೇ ಪಟ್ಟಿ ಮದ್ದಿನ ಚೀಟಿಯಾಗುತ್ತದೆ.